ಮೈಸೂರು ಪಾಕಿನ ಪುಟ ತೆಗೆದು ನೋಡಿ

ಪುಸ್ತಕದಂಗಡಿಯಲ್ಲಿ ಅಡುಗೆ ಪುಸ್ತಕ ಕೈಗೆತ್ತಿಕೊಂಡವರು ಮೊದಲು ನೋಡುವುದು ಫೋಟೋ, ಆಮೇಲೆ ಬೆಲೆ. ಎರಡನ್ನೂ ಬಿಟ್ಟು ನೇರ ಮೈಸೂರು ಪಾಕಿನ ಪುಟಕ್ಕೆ ಹೋಗಿ. ಸಿಹಿತಿಂಡಿ ಇರುವ ಕನ್ನಡ ಅಡುಗೆ ಪುಸ್ತಕದಲ್ಲಿ ಅದು ಇಲ್ಲದಿರುವುದು ಅಪರೂಪ. ಸಾಮಾನು ಮೂರೇ: ಕಡಲೆಹಿಟ್ಟು, ಸಕ್ಕರೆ, ತುಪ್ಪ. ಮೂರೇ ಸಾಮಾನಿನ ತಿಂಡಿ ಇಷ್ಟೊಂದು ಜನರ ಕೈಯಲ್ಲಿ ಕೆಡುವುದು ಹೊತ್ತು ತಪ್ಪುವುದರಿಂದ. ಆ ಹೊತ್ತನ್ನು ಪುಸ್ತಕ ಹೇಗೆ ಹೇಳುತ್ತದೆ ಎಂಬುದರಲ್ಲೇ ಉಳಿದ ಇನ್ನೂರು ಪುಟಗಳ ಹಣೆಬರಹ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಅಲ್ಲಿ ಇರುವುದು ಹೀಗೆ: ಒಂದು ಕಪ್ ಕಡಲೆಹಿಟ್ಟು, ಎರಡು ಕಪ್ ಸಕ್ಕರೆ, ಎರಡು ಕಪ್ ತುಪ್ಪ, ಪಾಕ ಬಂದ ಮೇಲೆ ಹಿಟ್ಟು ಹಾಕಿ, ತುಪ್ಪ ಬಿಡುತ್ತಾ ಕೈಯಾಡಿಸಿ, ಹದಕ್ಕೆ ಬಂದಾಗ ತಟ್ಟೆಗೆ ಸುರಿಯಿರಿ. ಇದರಲ್ಲಿ ತಪ್ಪು ಒಂದೂ ಇಲ್ಲ. ಉಪಯೋಗವೂ ಇಲ್ಲ. ಯಾವ ಪಾಕ, ಎಷ್ಟು ನೀರಿಗೆ? ತುಪ್ಪ ತಣ್ಣಗಿರಬೇಕೋ ಕಾದಿರಬೇಕೋ? ಹದ ಎಂದರೆ ಕಣ್ಣಿಗೆ ಹೇಗೆ ಕಾಣುತ್ತದೆ?

ಮಾಡಿ ಬಲ್ಲವರು ಬರೆದ ಪುಟದಲ್ಲಿ ಬೇರೆ ಮಾತುಗಳಿರುತ್ತವೆ. ಹಿಟ್ಟನ್ನು ಜರಡಿ ಹಿಡಿದು, ಎರಡು ಚಮಚ ತುಪ್ಪದಲ್ಲಿ ಹಸಿ ವಾಸನೆ ಹೋಗುವಷ್ಟು ಮಾತ್ರ ಹುರಿಯಬೇಕು. ಎರಡು ಕಪ್ ಸಕ್ಕರೆಗೆ ನೀರು ಮುಕ್ಕಾಲು ಕಪ್ಪಿನಿಂದ ಒಂದು ಕಪ್ ಸಾಕು, ಸಕ್ಕರೆ ನೆನೆಯುವಷ್ಟು. ಒಂದೆಳೆ ಪಾಕ: ಸೌಟಿನ ತುದಿಯಿಂದ ಒಂದು ಹನಿಯನ್ನು ತೆಗೆದು, ಬೆರಳು ಸುಡದಷ್ಟು ಆರಿದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿಸಿದರೆ ಒಂದು ಎಳೆ ಎದ್ದು ತುಂಡಾಗದೆ ನಿಲ್ಲಬೇಕು. ಪಕ್ಕದ ಒಲೆಯ ಮೇಲೆ ತುಪ್ಪ ಸಣ್ಣ ಉರಿಯಲ್ಲಿ ಕಾಯುತ್ತಲೇ ಇರಬೇಕು. ಒಂದೊಂದು ಸೌಟು ಬಿಟ್ಟಾಗಲೂ ಬಾಣಲೆಯಲ್ಲಿ ಚುರ್ ಎಂದು ನೊರೆ ಏಳಬೇಕು. ನೊರೆ ಏಳದಿದ್ದರೆ ತುಪ್ಪ ತಣ್ಣಗಾಗಿದೆ ಎಂದು ಲೆಕ್ಕ. ಯಾಕೆಂದರೆ ಮೈಸೂರು ಪಾಕಿನ ಮೈಯಲ್ಲಿ ಕಾಣುವ ಆ ಸಣ್ಣ ಸಣ್ಣ ತೂತುಗಳು ಹುಟ್ಟುವುದೇ ಅಲ್ಲಿ: ಕಾದ ತುಪ್ಪ ತಾಗಿದೊಡನೆ ಹಿಟ್ಟಿನ ಒಳಗಿನ ನೀರು ಹಬೆಯಾಗಿ ಒಡೆದು ಹೊರಗೆ ಬರುತ್ತದೆ, ಬಂದ ದಾರಿ ತೂತಾಗಿ ಉಳಿಯುತ್ತದೆ. ಮುದ್ದೆ ಬಾಣಲೆಯ ಅಂಚು ಬಿಟ್ಟು, ಮೈಯೆಲ್ಲ ಜೇನುಗೂಡಿನಂತಾಗಿ, ಕುಡಿದ ತುಪ್ಪವನ್ನು ವಾಪಸು ಬಿಡಲು ಶುರುಮಾಡಿದ ಕ್ಷಣ ಇಳಿಸಿ ತಟ್ಟೆಗೆ ಸುರಿಯಬೇಕು. ಸುರಿದ ಮೇಲೆ ಸೌಟಿನ ಬೆನ್ನಿನಿಂದ ಒತ್ತಬಾರದು. ಒತ್ತಿದರೆ ತೂತು ಮುಚ್ಚಿಹೋಗುತ್ತವೆ. ಕತ್ತರಿಸುವುದು ಬಿಸಿ ಇರುವಾಗಲೇ.

ಇದಾದ ಮೇಲೆ ಇನ್ನೂ ನಾಲ್ಕು ಸಾಲು ಇದ್ದರೆ ಆ ಪುಸ್ತಕವನ್ನು ಕೆಳಗಿಡಬೇಡಿ. ಪಾಕ ಎಳಸಾದರೆ ಹಲ್ವದ ಹಾಗೆ ಹಲ್ಲಿಗೆ ಅಂಟುತ್ತದೆ. ಪಾಕ ಮೀರಿದರೆ ಕಲ್ಲಾಗುತ್ತದೆ. ಇಳಿಸುವುದು ಅರ್ಧ ನಿಮಿಷ ತಡವಾದರೆ ತಟ್ಟೆಯಲ್ಲಿ ಪುಡಿ ಉದುರುತ್ತದೆ. ಒಳಗೆ ಕಂದು, ಹೊರಗೆ ಹಳದಿ ಬಂದರೆ ಗಾಬರಿ ಬೇಡ, ನಡುವಿನ ಬಿಸಿ ಆರಲು ಹೊತ್ತಾಗಿ ಅಲ್ಲಿ ಇನ್ನಷ್ಟು ಬೆಂದಿದೆ ಅಷ್ಟೆ. ಎಡವಿದಾಗ ಏನಾಗುತ್ತದೆ ಎಂದು ಬರೆದವರು ಎಡವಿದ್ದಾರೆ, ಅಂದರೆ ಮಾಡಿದ್ದಾರೆ. ಬರೀ ಸರಿಯಾದದ್ದನ್ನೇ ಬರೆದ ಪುಸ್ತಕ ಇನ್ನೊಂದು ಪುಸ್ತಕ ನೋಡಿ ಬರೆದದ್ದೂ ಆಗಿರಬಹುದು.

ಮೈಸೂರು ಪಾಕೇ ಆಗಬೇಕೆಂದಿಲ್ಲ. ನಿಮ್ಮ ಕೈಗೆ ಚೆನ್ನಾಗಿ ಕುಳಿತ ಯಾವುದಾದರೂ ಒಂದು ಅಡುಗೆ ಸಾಕು. ಗೊತ್ತಿಲ್ಲದ ಅಡುಗೆಯ ಪುಟ ಓದಿ ಪುಸ್ತಕವನ್ನು ಅಳೆಯಲು ಆಗುವುದಿಲ್ಲ. ಗೊತ್ತಿರುವ ಅಡುಗೆಯಲ್ಲಿ ಪುಸ್ತಕ ನಿಮಗಿಂತ ಒಂದು ಮಾತು ಹೆಚ್ಚು ಹೇಳಿತೋ ಇಲ್ಲವೋ, ಅದನ್ನು ನೋಡಬೇಕು.

ಎರಡನೆಯ ಪ್ರಶ್ನೆ: ಇದು ಯಾವ ಊರಿನ ಅಡುಗೆಮನೆಯಲ್ಲಿ ಕೂತು ಬರೆದ ಪುಸ್ತಕ? ಇದು ಸ್ವಲ್ಪ ಉದ್ದದ ಮಾತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 97ಕ್ಕೆ. ಮಂಗಳೂರಿನಲ್ಲಿ 100. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವವರಿಗೆ ಈ ಮೂರು ಡಿಗ್ರಿ ಚೆನ್ನಾಗಿ ಗೊತ್ತಾಗುತ್ತದೆ. ಸಕ್ಕರೆ ಪಾಕಕ್ಕೂ ಅದೇ ಲೆಕ್ಕ. ವಿದೇಶಿ ಪುಸ್ತಕಗಳು ಎಳೆ ಪಾಕಕ್ಕೆ 106ರಿಂದ 112 ಡಿಗ್ರಿ ಎಂದು ಥರ್ಮಾಮೀಟರ್ ಲೆಕ್ಕ ಕೊಡುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರಿನಲ್ಲಿ ಅದರಿಂದ ಮೂರು ಕಳೆಯದೆ ಹೋದರೆ ಪಾಕ ಗಟ್ಟಿಯಾಗಿ ಕೂತಿರುತ್ತದೆ. ಥರ್ಮಾಮೀಟರ್ ಸುಳ್ಳು ಹೇಳಿಲ್ಲ, ಪುಸ್ತಕವೂ ಹೇಳಿಲ್ಲ, ಊರು ಬೇರೆ ಅಷ್ಟೆ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಸಮನಾದ ತೊಂದರೆ ‘ಮೂರು ಸೀಟಿ’. ಮೂರು ಲೀಟರಿನ ಕುಕ್ಕರಿನಲ್ಲಿ ದೊಡ್ಡ ಉರಿಗೆ ಮೂರು ಸೀಟಿ ಐದು ನಿಮಿಷದೊಳಗೆ ಮುಗಿಯಬಹುದು. ಏಳೂವರೆ ಲೀಟರಿನದರಲ್ಲಿ ಸಣ್ಣ ಉರಿಗೆ ಕಾಲು ಗಂಟೆ ಹಿಡಿಯಬಹುದು. ‘ಮೊದಲ ಸೀಟಿ ಬಂದ ಮೇಲೆ ಉರಿ ತಗ್ಗಿಸಿ ಹತ್ತು ನಿಮಿಷ’ ಎಂದು ಬರೆದವರು ಅಳತೆ ಕೊಟ್ಟಿದ್ದಾರೆ.

ಅಳತೆಯ ವಿಷಯ ಬಂದಾಗ ಪುಸ್ತಕದ ಮೊದಲ ಹತ್ತು ಪುಟ ತಿರುವಿ ಹಾಕಿ. ‘ಈ ಪುಸ್ತಕದಲ್ಲಿ ಒಂದು ಕಪ್ ಎಂದರೆ ಇಷ್ಟು’ ಎಂದು ಎಲ್ಲಾದರೂ ಇರಬೇಕು. ಅಮೆರಿಕದ ಕಪ್ 240 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದು 200. ದೊಡ್ಡ ಚಮಚ ಎಲ್ಲ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ ಮಾತ್ರ 20. ಅಮೆರಿಕದವರು ಬೆಣ್ಣೆಯನ್ನು ‘ಸ್ಟಿಕ್’ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಸ್ಟಿಕ್ 113 ಗ್ರಾಂ. ಮೈದಾವನ್ನು ಚಮಚದಿಂದ ಕಪ್ಪಿಗೆ ತುಂಬಿದರೆ 120–125 ಗ್ರಾಂ, ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ತೆಗೆದರೆ 150ರ ಹತ್ತಿರ ಹೋಗುತ್ತದೆ. ಕೇಕು ಒಣಗಿ ಬಿರುಕು ಬಿಡುವುದಕ್ಕೆ ಇಷ್ಟು ವ್ಯತ್ಯಾಸ ಸಾಕು. ಆದ್ದರಿಂದ ಬೇಕಿಂಗ್ ಪುಸ್ತಕ ಕೊಳ್ಳುವುದಾದರೆ ಗ್ರಾಂ ಲೆಕ್ಕ ಇರುವುದನ್ನು ಮಾತ್ರ ಕೊಳ್ಳಿ, ಉಳಿಸಿದ ದುಡ್ಡಿನಲ್ಲಿ ಒಂದು ಡಿಜಿಟಲ್ ತಕ್ಕಡಿ ತನ್ನಿ.

ಉಪ್ಪಿನದು ಎಲ್ಲಕ್ಕಿಂತ ಕೆಟ್ಟ ಗುಂಡಿ. ನಮ್ಮ ಪುಡಿ ಉಪ್ಪು ಸಣ್ಣ ಚಮಚಕ್ಕೆ ಸುಮಾರು 6 ಗ್ರಾಂ ತೂಗುತ್ತದೆ. ಅಮೆರಿಕದ ಪುಸ್ತಕಗಳು ಹೇಳುವ ಕೋಷರ್ ಉಪ್ಪು ಹಗುರವಾದ ಹರಳು. ತಯಾರಕರನ್ನು ನೋಡಿಕೊಂಡು ಅದೇ ಚಮಚಕ್ಕೆ 3 ಗ್ರಾಂ ಇರಬಹುದು, 5 ಗ್ರಾಂ ಇರಬಹುದು. ಪುಸ್ತಕ ಹೇಳಿದ ಅಷ್ಟೂ ಚಮಚ ನಮ್ಮ ಪುಡಿ ಉಪ್ಪು ಹಾಕಿದರೆ ಅಡುಗೆ ಬಾಯಿಗಿಡಲು ಆಗುವುದಿಲ್ಲ. ಯಾವ ಉಪ್ಪು ಎಂದು ಹೇಳದ ಅಮೆರಿಕನ್ ಪುಸ್ತಕ ಕಂಡರೆ ಉಪ್ಪನ್ನು ಅರ್ಧಕ್ಕಿಳಿಸಿ, ಕೊನೆಗೆ ರುಚಿ ನೋಡಿ ಸೇರಿಸಿ. ಕ್ರೀಮಿನದೂ ಹೀಗೆಯೇ: ಬ್ರಿಟಿಷ್ ಡಬಲ್ ಕ್ರೀಮಿನಲ್ಲಿ ಕೊಬ್ಬು ಶೇ. 48ರಷ್ಟು, ನಮ್ಮ ಅಂಗಡಿಯ ಟೆಟ್ರಾ ಪ್ಯಾಕಿನ ಕ್ರೀಮಿನಲ್ಲಿ ಸಾಮಾನ್ಯವಾಗಿ 25. ಶೇ. 30ಕ್ಕಿಂತ ಕಡಿಮೆ ಇರುವುದನ್ನು ಎಷ್ಟು ಕಡೆದರೂ ಗೋಪುರ ನಿಲ್ಲುವುದಿಲ್ಲ.

ಹಳೆಯ ಕನ್ನಡ ಪುಸ್ತಕಗಳಿಗೆ ಅವುಗಳದೇ ತೊಡಕು. ಮೆಟ್ರಿಕ್ ತೂಕ ಬಂದದ್ದು 1950ರ ದಶಕದ ಕೊನೆಗೆ. ಅದಕ್ಕೂ ಹಿಂದಿನವುಗಳಲ್ಲಿ ತೊಲ, ಸೇರು, ಪಾವು, ಚಟಾಕು. ತೊಲ ಎಂದರೆ 11.66 ಗ್ರಾಂ, 80 ತೊಲಕ್ಕೆ ಒಂದು ಪಕ್ಕಾ ಸೇರು, ಅಂದರೆ 933 ಗ್ರಾಂ. ಆದರೆ ಅಕ್ಕಿ ಬೇಳೆ ಅಳೆಯುವ ಸೇರು ತೂಕದ್ದಲ್ಲ, ಪಾತ್ರೆಯದು, ಮತ್ತು ಅದು ಸೀಮೆಯಿಂದ ಸೀಮೆಗೆ ಬೇರೆ. ಇಂಥ ಪುಸ್ತಕ ಕೈಗೆ ಬಂದರೆ ಒಟ್ಟು ತೂಕ ಲೆಕ್ಕ ಹಾಕುತ್ತಾ ಕೂರಬೇಡಿ. ಒಂದೇ ಪಾವಿನಲ್ಲಿ ಎಲ್ಲವನ್ನೂ ಅಳೆದರೆ ಪ್ರಮಾಣ ತಾನಾಗಿ ಹೊಂದುತ್ತದೆ. ಕೈ ಕೊಡುವುದು ಅಳತೆಯೂ ತೂಕವೂ ಬೆರೆತ ಕಡೆ: ಒಂದು ಸೇರು ಅಕ್ಕಿಗೆ ಎರಡು ತೊಲ ಮೆಂತ್ಯ ಎಂಬಂಥ ಕಡೆ.

ಉಪ್ಪಿನಕಾಯಿ, ಜಾಮು, ಬಾಟಲಿಯಲ್ಲಿ ಮುಚ್ಚಿಡುವ ಪದಾರ್ಥಗಳ ಅಧ್ಯಾಯವನ್ನು ಬೇರೆ ಕಣ್ಣಿನಿಂದ ಓದಬೇಕು. ಸಾರು ಕೆಟ್ಟರೆ ಚೆಲ್ಲಬಹುದು. ಹುಳಿ ಕಡಿಮೆ ಇರುವ ತರಕಾರಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ವಿಷ ಬೆಳೆಯಬಹುದು, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಗಡಿ ಪಿ.ಎಚ್. 4.6 (ಪಿ.ಎಚ್. ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು), ಅದಕ್ಕಿಂತ ಹುಳಿಯಾದದ್ದರಲ್ಲಿ ಅದು ಬೆಳೆಯುವುದಿಲ್ಲ. ಮಾವಿನಕಾಯಿ, ನಿಂಬೆ, ಹೆರಳೆ ತಾವಾಗಿಯೇ ಹುಳಿ. ಬೆಳ್ಳುಳ್ಳಿ, ಅಣಬೆ, ಬೀನ್ಸ್ ಅಲ್ಲ. ‘ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕೋಣೆಯಲ್ಲಿ ತಿಂಗಳುಗಟ್ಟಲೆ ಇಡಿ’ ಎಂದು ಬರೆದ ಪುಸ್ತಕ ಎಷ್ಟೇ ಅಂದವಾಗಿದ್ದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇನ್ನು ಚರಿತ್ರೆಯ ಪುಸ್ತಕಗಳು. ಅವನ್ನು ಒಲೆಯ ಪಕ್ಕ ಇಡಲು ಕೊಳ್ಳಬಾರದು, ತಲೆದಿಂಬಿನ ಪಕ್ಕ ಇಡಲು ಕೊಳ್ಳಬೇಕು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ 1025ರ ಸುಮಾರಿನದು. ಮಳೆ, ಅಂತರ್ಜಲ, ಗಿಡಮರ, ಸುಗಂಧ, ದನಕರುಗಳ ಚಿಕಿತ್ಸೆಗಳ ಜೊತೆಗೆ ಅಡುಗೆಗೂ ಅಲ್ಲೊಂದು ಭಾಗವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಮಸಾಲೆ ಬೆರೆಸುವ ಇಡ್ಡಲಿಗೆಯಂಥ ತಿನಿಸು ಅದರಲ್ಲಿ ಬರುತ್ತದೆ. ಅಕ್ಕಿಯ ಮಾತಿಲ್ಲ. ಅದನ್ನು ನೋಡಿ ಮಾಡಿದರೆ ಬೆಳಗಿನ ತಿಂಡಿಗೆ ಇಡ್ಲಿ ಬರುವುದಿಲ್ಲ. ಆದರೆ ನಮ್ಮ ತಟ್ಟೆಯ ಇಡ್ಲಿಗೆ ಅಕ್ಕಿ ಆಮೇಲೆ ಸೇರಿದ್ದು ಎಂಬುದು ತಿಳಿಯುತ್ತದೆ. ಕೆ.ಟಿ. ಅಚ್ಚಯ್ಯ ಅವರ 1994ರ ಇಂಗ್ಲಿಷ್ ಗ್ರಂಥ ಭಾರತದ ಆಹಾರ ಚರಿತ್ರೆಗೆ ಇವತ್ತಿಗೂ ಮೊದಲ ಮೆಟ್ಟಿಲು. ‘ಯಾಕೆ’ ಎಂಬ ಪ್ರಶ್ನೆಗೆ ಬೇಕಾದದ್ದು ಮೂರನೆಯ ಜಾತಿ: ಹಾಲು ಯಾಕೆ ಒಡೆಯುತ್ತದೆ, ಈರುಳ್ಳಿ ಯಾಕೆ ಕಂದಾಗುತ್ತದೆ, ಮೊಟ್ಟೆ ಯಾವ ಬಿಸಿಗೆ ಗಟ್ಟಿಯಾಗುತ್ತದೆ. ಹೆರಾಲ್ಡ್ ಮೆಗೀ ಅವರ ‘ಆನ್ ಫುಡ್ ಅಂಡ್ ಕುಕಿಂಗ್’ ಈ ಜಾತಿಯ ದೊಡ್ಡ ಪುಸ್ತಕ. 1984ರಲ್ಲಿ ಬಂದದ್ದು, ಕೊಳ್ಳುವುದಾದರೆ 2004ರ ಆವೃತ್ತಿ ಕೊಳ್ಳಿ, ಅದು ಬಹುಪಾಲು ಹೊಸದಾಗಿ ಬರೆದದ್ದು. ನೂರು ಅಡುಗೆ ಪುಸ್ತಕಗಳಿಗಿಂತ ಇಂಥದ್ದೊಂದು ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರೂ ಇದ್ದಾರೆ, ಅವರ ಮನೆಯಲ್ಲಿ ಊಟ ಚೆನ್ನಾಗಿಯೇ ಇರುತ್ತದೆ.

ವೈನ್ ಪುಸ್ತಕಗಳ ಕಡೆ ಬಂದರೆ ಮೊದಲು ತೆರೆಯಬೇಕಾದದ್ದು ಮುದ್ರಣದ ವಿವರ ಇರುವ ಪುಟ. ಬಾಟಲಿಗಳಿಗೆ ಅಂಕ ಕೊಟ್ಟು, ಬೆಲೆ ಹಾಕಿ, ಯಾವ ವರ್ಷದ್ದು ಕುಡಿಯಲು ಸಿದ್ಧ ಎಂದು ಹೇಳುವ ಕೈಪಿಡಿಗಳು ಪಂಚಾಂಗದ ಹಾಗೆ, ಯುಗಾದಿ ಕಳೆದರೆ ರದ್ದಿ. ಅದರಲ್ಲೂ ಲಂಡನ್ನಿನ ಅಂಗಡಿಗಳಿಗೆ ಬರೆದ ಕೈಪಿಡಿಯಲ್ಲಿರುವ ಬಾಟಲಿಗಳಲ್ಲಿ ಎಷ್ಟು ಬೆಂಗಳೂರಿನಲ್ಲಿ ಸಿಕ್ಕಾವು? ಇದಕ್ಕೆ ದುಡ್ಡು ಹಾಕಬೇಡಿ. ದ್ರಾಕ್ಷಿಯ ತಳಿ, ಮಣ್ಣು, ಮಾಡುವ ವಿಧಾನ, ರುಚಿ ನೋಡುವ ಕ್ರಮ ಹೇಳುವ ಪುಸ್ತಕಗಳು ಹತ್ತು ವರ್ಷ ಬಾಳುತ್ತವೆ. ಹ್ಯೂ ಜಾನ್ಸನ್ 1971ರಲ್ಲಿ ತಂದ ‘ವರ್ಲ್ಡ್ ಅಟ್ಲಾಸ್ ಆಫ್ ವೈನ್’ ಆಮೇಲೆ ಜಾನ್ಸಿಸ್ ರಾಬಿನ್ಸನ್ ಅವರ ಜೊತೆಯಲ್ಲಿ ಬೆಳೆದು 2019ಕ್ಕೆ ಎಂಟನೆಯ ಆವೃತ್ತಿ ಕಂಡಿತು. ರಾಬಿನ್ಸನ್ ಸಂಪಾದಿಸಿದ ‘ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ವೈನ್’ 1994ರದು, ಐದನೆಯ ಆವೃತ್ತಿ 2023ರಲ್ಲಿ ಬಂದಿದೆ. ಮೊದಲನೆಯದು ನಕ್ಷೆ, ಎರಡನೆಯದು ನಿಘಂಟು. ಎರಡೂ ದುಬಾರಿ, ಎರಡೂ ತೂಕ. ಹೊಸಬರಿಗೆ ಎರಡೂ ಬೇಡ. ಇನ್ನೂರು ಪುಟದ ಒಂದು ಪ್ರವೇಶಿಕೆ ಓದಿ, ಐದಾರು ಬಾಟಲಿ ಗಮನಕೊಟ್ಟು ರುಚಿ ನೋಡಿದ ಮೇಲೆ ನಕ್ಷೆಯ ಅವಶ್ಯಕತೆ ತಾನಾಗಿ ಹುಟ್ಟುತ್ತದೆ.

ಪ್ರವೇಶಿಕೆಯನ್ನು ಅಳೆಯಲು ಒಂದೇ ಅಧ್ಯಾಯ ಸಾಕು, ಲೇಬಲ್ ಓದುವ ಅಧ್ಯಾಯ. ಫ್ರಾನ್ಸಿನ ಬಾಟಲಿಯ ಮೇಲೆ ಹೆಚ್ಚಾಗಿ ಊರಿನ ಹೆಸರು, ಆಸ್ಟ್ರೇಲಿಯಾ ಭಾರತಗಳದರ ಮೇಲೆ ಹೆಚ್ಚಾಗಿ ತಳಿಯ ಹೆಸರು. ಯಾವ ಊರಿನ ಹಿಂದೆ ಯಾವ ತಳಿ ಅಡಗಿದೆ ಎಂದು ಪುಸ್ತಕ ಬಿಡಿಸಿ ಹೇಳಬೇಕು. ತಳಿಯ ಹೆಸರು ಹಾಕಿದ ಮಾತ್ರಕ್ಕೆ ಒಳಗಿರುವುದೆಲ್ಲ ಅದೇ ಅಲ್ಲ. ಯುರೋಪಿನಲ್ಲಿ ಕನಿಷ್ಠ ಶೇ. 85, ಅಮೆರಿಕದಲ್ಲಿ ಸಾಮಾನ್ಯವಾಗಿ ಶೇ. 75 ಇದ್ದರೆ ಸಾಕು. ಇದನ್ನು ಹೇಳದೆ ‘ವೈನ್ ಒಂದು ಜೀವನಶೈಲಿ’ ಎಂದು ಶುರುವಾಗುವ ಪುಸ್ತಕವನ್ನು ಮೆಲ್ಲಗೆ ಮುಚ್ಚಿ.

ಊರಿನ ಪ್ರಶ್ನೆ ಇಲ್ಲಿಯೂ ಬರುತ್ತದೆ, ಇನ್ನೂ ಜೋರಾಗಿ. ಯುರೋಪಿನ ಪುಸ್ತಕದಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕೊಯ್ಲು. ನಂದಿ ಬೆಟ್ಟದ ತಪ್ಪಲಿನಲ್ಲೋ ವಿಜಯಪುರದ ಕಡೆಯೋ ಬಳ್ಳಿಗೆ ನಿದ್ದೆಯೇ ಇಲ್ಲ. ಆದ್ದರಿಂದ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುತ್ತಾರೆ: ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲೆಂದು ಒಂದು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಣ್ಣಿಗೆಂದು ಇನ್ನೊಂದು. ಮಳೆಗಾಲದ ಫಸಲಿನ ಆಸೆ ಬಿಟ್ಟು, ಹಣ್ಣನ್ನು ಫೆಬ್ರವರಿ ಮಾರ್ಚ್ ಕಡೆಗೆ ಒಣ ಹವೆಯಲ್ಲಿ ಕೊಯ್ಯುತ್ತಾರೆ. ಅಲ್ಲಿ ಬೇಸಿಗೆಯ ಕೊನೆಗೆ ಹಣ್ಣಾದರೆ ಇಲ್ಲಿ ಚಳಿಗಾಲದ ಕೊನೆಗೆ. ಇದನ್ನು ಒಂದು ಪ್ಯಾರಾದಲ್ಲಾದರೂ ಹೇಳುವ ಪುಸ್ತಕವೇ ನಮ್ಮ ವೈನನ್ನು ಅರ್ಥಮಾಡಿಕೊಳ್ಳಲು ನೆರವಾಗುವುದು. ನಂದಿ ಸೀಮೆಯಲ್ಲಿ ಫ್ರೆಂಚ್ ತಳಿಗಳ ತೋಟ ಎದ್ದದ್ದು 1980ರ ದಶಕದ ಕೊನೆಗೆ, ರಾಜ್ಯ ಸರ್ಕಾರ ವೈನ್ ನೀತಿ ತಂದದ್ದು 2007ರಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ಪುಸ್ತಕದಲ್ಲಿ ಕರ್ನಾಟಕವನ್ನು ಹುಡುಕಿ ಬೇಸರಪಟ್ಟುಕೊಳ್ಳಬೇಡಿ.

‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಿ’ ಎಂಬ ಸಾಲು ಇನ್ನೊಂದು. ಆ ಕೋಣೆ 16–18 ಡಿಗ್ರಿಯದು, ಹೀಟರ್ ಇಲ್ಲದ ಕಾಲದ ಯುರೋಪಿನ ಮನೆಯದು. ಏಪ್ರಿಲ್‌ನಲ್ಲಿ ನಮ್ಮ ಹಜಾರ 30 ಇರುತ್ತದೆ. ಆ ಬಿಸಿಗೆ ಆಲ್ಕೊಹಾಲ್ ಮೂಗಿಗೆ ಹೊಡೆದು ಹಣ್ಣಿನ ವಾಸನೆ ಅಡಗಿಹೋಗುತ್ತದೆ, ಜನ ಬಾಟಲಿಯನ್ನೋ ದೇಶವನ್ನೋ ಬೈಯುತ್ತಾರೆ. ‘ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ’ ಎಂಬ ಸಲಹೆಯೂ 21 ಡಿಗ್ರಿಯ ಮನೆಗೆ ಹೇಳಿದ್ದು. 30ರಿಂದ 18ಕ್ಕೆ ಇಳಿಸಲು ಫ್ರಿಜ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಬೇಕು. ಐಸು ಮತ್ತು ನೀರು ಸಮಸಮ ಬೆರೆಸಿದ ಬಕೆಟ್ಟಿನಲ್ಲಿ ಕತ್ತಿನವರೆಗೆ ಮುಳುಗಿಸಿದರೆ ಸುಮಾರು ಹತ್ತು ನಿಮಿಷ. ಬರೀ ಐಸು ಹಾಕಬೇಡಿ, ತುಂಡುಗಳ ನಡುವಿನ ಗಾಳಿ ತಂಪನ್ನು ದಾಟಿಸುವುದಿಲ್ಲ. ‘ಹತ್ತು ವರ್ಷ ಇಟ್ಟರೆ ಇನ್ನೂ ಚೆನ್ನ’ ಎಂಬ ಮಾತಿನ ಹಿಂದೆಯೂ 12–13 ಡಿಗ್ರಿಯ ನೆಲಮಾಳಿಗೆ ಇದೆ. ಕಲಬುರಗಿಯ ಮೇ ತಿಂಗಳಲ್ಲಿ ಬೀರುವಿನೊಳಗಿಟ್ಟ ಬಾಟಲಿ ಒಂದೇ ಬೇಸಿಗೆಗೆ ಬೆಂದ ಜಾಮಿನ ವಾಸನೆ ಹೊಡೆಯುತ್ತದೆ.

ಇನ್ನು ವಾಸನೆಯ ಶಬ್ದಗಳು. ಇಲ್ಲಿ ಪುಸ್ತಕ ಮತ್ತು ಕನ್ನಡ ಓದುಗ ಬೇರೆ ಬೇರೆ ತೋಟದಲ್ಲಿ ನಿಂತಿರುತ್ತಾರೆ. ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನಿಗೆ ಗೂಸ್‌ಬೆರಿ ವಾಸನೆ ಎಂದು ಓದಿದವರು ನಿಘಂಟು ನೋಡಿ ನೆಲ್ಲಿಕಾಯಿ ಎಂದುಕೊಳ್ಳುತ್ತಾರೆ. ಯುರೋಪಿನ ಗೂಸ್‌ಬೆರಿ ಬೇರೆಯೇ ಹಣ್ಣು, ಕುಟುಂಬವೂ ಬೇರೆ. ನೆಲ್ಲಿಕಾಯಿ ಕಚ್ಚಿ ಗ್ಲಾಸು ಮೂಸಿದರೆ ಏನೂ ಸಿಗುವುದಿಲ್ಲ. ಬಲಿತ ಸೀಬೆಹಣ್ಣನ್ನು ಕತ್ತರಿಸಿ ಮೂಸಿ, ಹತ್ತಿರ ಬರುತ್ತೀರಿ. ಕ್ಯಾಬರ್ನೆ ಸೋವಿನ್ಯೋನ್ ಎಂಬ ಕೆಂಪು ವೈನಿನ ತಳಿಗೆ ಬ್ಲ್ಯಾಕ್ ಕರಂಟ್ ಎನ್ನುತ್ತಾರೆ. ನಮ್ಮ ದಿನಸಿ ಅಂಗಡಿಯಲ್ಲಿ ಆ ಹೆಸರಿನಲ್ಲಿ ಮಾರುವುದು ಬಹುತೇಕ ಒಣಗಿದ ಕಪ್ಪು ದ್ರಾಕ್ಷಿ. ಅದರ ಬದಲು ಅದೇ ತಳಿಯ ಇನ್ನೊಂದು ಗುರುತು ಹಿಡಿಯಿರಿ: ಆಗತಾನೆ ಸೀಳಿದ ಹಸಿರು ದೊಣ್ಣೆಮೆಣಸಿನಕಾಯಿ. ಇದು ಉಪಮೆಯಲ್ಲ. ಪೈರಜೀನ್ ಎಂಬ ಒಂದೇ ಬಗೆಯ ರಾಸಾಯನಿಕ ಎರಡರಲ್ಲೂ ಇದೆ, ಹಣ್ಣು ಪೂರಾ ಬಲಿಯದಿದ್ದಾಗ ಹೆಚ್ಚು. ಶಿರಾಜ್ ಎಂಬ ಕೆಂಪು ವೈನಿನಲ್ಲಿ ಸಿಗುವ ಕಾಳುಮೆಣಸಿನ ಘಾಟೂ ಹಾಗೆಯೇ; ರೊಟಂಡೋನ್ ಎಂಬ ಅದರ ಮೂಲವಸ್ತುವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಹೊರಗೆಡಹಿದರು, ಅದು ಮಲೆನಾಡಿನ ಕಾಳುಮೆಣಸಿನಲ್ಲೂ ಇರುವ ವಸ್ತುವೇ. ಹೀಗೆ ವಾಸನೆಯ ಹಿಂದಿನ ಕಾರಣ ಹೇಳುವ ಪುಸ್ತಕವಾದರೆ ಅಲ್ಲಿಯ ಹಣ್ಣು ಗೊತ್ತಿಲ್ಲದಿದ್ದರೂ ಇಲ್ಲಿಯ ಹಣ್ಣು ಹುಡುಕಿಕೊಳ್ಳಬಹುದು. ಬರೀ ಹಣ್ಣುಗಳ ಪಟ್ಟಿ ಕೊಡುವ ಪುಸ್ತಕವಾದರೆ ಅದು ಪರದೇಶದ ಸಂತೆಯ ಚೀಟಿ.

ಬೆಂಗಳೂರು ಬ್ಲೂ ದ್ರಾಕ್ಷಿಯ ಬಗ್ಗೆ ಓದುವಾಗ ಒಂದು ಎಚ್ಚರ. ಇಸಾಬೆಲ್ಲಾ ಎಂಬ ಹೆಸರಿನಲ್ಲಿ ಹೊರಗೆ ಪರಿಚಿತವಾದ ಇದರಲ್ಲಿ ಅಮೆರಿಕದ ಕಾಡು ದ್ರಾಕ್ಷಿಯ ರಕ್ತವಿದೆ. ಆ ಗಾಢ ಪರಿಮಳವನ್ನು ಪಶ್ಚಿಮದ ಪುಸ್ತಕಗಳು ‘ನರಿ ವಾಸನೆ’ ಎಂದು ಜರೆಯುತ್ತವೆ. ನಮ್ಮ ಮೂಗಿಗೆ ಅದೇ ದ್ರಾಕ್ಷಿಯ ವಾಸನೆ. ದ್ರಾಕ್ಷಿ ಜ್ಯೂಸು, ದ್ರಾಕ್ಷಿ ಸೋಡಾ ಎಂದರೆ ಅದೇ. ಪುಸ್ತಕ ದೋಷ ಎಂದದ್ದು ದೋಷವೋ ಅಭ್ಯಾಸವೋ ಎಂದು ಕೇಳಿಕೊಳ್ಳಬೇಕು. ಒದ್ದೆ ರಟ್ಟಿನ ಮುಗ್ಗಲು ವಾಸನೆ ಮಾತ್ರ ಎಲ್ಲರಿಗೂ ದೋಷವೇ, ಅದು ಕೆಟ್ಟ ಕಾರ್ಕಿನಿಂದ ಬರುವುದು.

ಊಟಕ್ಕೂ ವೈನಿಗೂ ಜೋಡಿ ಹೇಳುವ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ‘ಇದಕ್ಕೆ ಅದು’ ಎಂಬ ಕೋಷ್ಟಕ. ಕೋಷ್ಟಕದಲ್ಲಿ ಕುರಿಮಾಂಸದ ರೋಸ್ಟ್ ಇರುತ್ತದೆ, ಬಸ್ಸಾರು ಇರುವುದಿಲ್ಲ. ಭಾರತದ ಊಟಕ್ಕೆಲ್ಲ ಸೇರಿಸಿ ‘ಕರಿ’ ಎಂದು ಒಂದು ಸಾಲು. ಇವುಗಳ ಬದಲು ರುಚಿಗಳ ಲೆಕ್ಕ ಹೇಳುವುದನ್ನು ಹುಡುಕಿ. ಲೆಕ್ಕ ಕಷ್ಟವೇನಲ್ಲ. ತಟ್ಟೆಯ ಹುಳಿ ಗ್ಲಾಸಿನ ಹುಳಿಗಿಂತ ಹೆಚ್ಚಾದರೆ ವೈನ್ ಸಪ್ಪೆ. ತಟ್ಟೆಯ ಸಿಹಿ ಹೆಚ್ಚಾದರೆ ವೈನ್ ಕಹಿ, ಹುಳಿ. ಉಪ್ಪು ವೈನಿನ ಒಗರನ್ನು ತಗ್ಗಿಸುತ್ತದೆ. ಖಾರಕ್ಕೆ ಆಲ್ಕೊಹಾಲ್ ಬೆಂಕಿಗೆ ತುಪ್ಪ, ಒಗರು ಕೊಡುವ ಟ್ಯಾನಿನ್ ಇನ್ನೂ ಕೆಡುಕು. ಕಡಿಮೆ ಆಲ್ಕೊಹಾಲಿನ, ತುಸು ಸಿಹಿ ಉಳಿದ, ತಣ್ಣಗಿನ ಬಿಳಿ ವೈನ್ ಖಾರವನ್ನು ತಡೆಯುತ್ತದೆ.

ಈ ಲೆಕ್ಕ ಕೈಯಲ್ಲಿದ್ದರೆ ಪುಸ್ತಕದಲ್ಲಿ ಇಲ್ಲದ ಊಟಕ್ಕೂ ದಾರಿ ಕಾಣುತ್ತದೆ. ಹುಣಸೆಹಣ್ಣಿನ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ, ದ್ರಾಕ್ಷಿಯದೂ ಅದೇ. ಆದ್ದರಿಂದ ಗಟ್ಟಿ ಹುಳಿಯ ಸಾರಿನ ಮುಂದೆ ಮೆದು ಕೆಂಪು ವೈನ್ ನಿಲ್ಲುವುದಿಲ್ಲ, ಅದಕ್ಕಿಂತ ಹುಳಿಯಾದ ಬಿಳಿ ಬೇಕು. ರವೆ ಹಚ್ಚಿ ಕರಿದ ಕಾಣೆಗೆ ಚುರುಕಾದ ಸೋವಿನ್ಯೋನ್ ಬ್ಲಾಂಕ್ ನಿಂಬೆಹಣ್ಣು ಹಿಂಡಿದ ಹಾಗೆ. ಕೊಡಗಿನ ಪಂದಿ ಕರಿಯಲ್ಲಿ ಕೊಬ್ಬಿದೆ, ಕಾಳುಮೆಣಸಿದೆ, ಕಾಚಂಪುಳಿಯ ಗಾಢ ಹುಳಿಯಿದೆ; ಇದಕ್ಕೆ ಶಿರಾಜ್ ಒಪ್ಪುತ್ತದೆ, ಆದರೆ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಭಾರದ್ದಲ್ಲ. ಪುಸ್ತಕ ನಂಬಲರ್ಹವೋ ಎಂದು ನೋಡಲು ಮನೆಯಲ್ಲೇ ಒಂದು ಪರೀಕ್ಷೆ: ಒಂದೇ ಕೆಂಪು ವೈನಿನ ಗುಟುಕುಗಳ ನಡುವೆ ಒಮ್ಮೆ ಉಪ್ಪು ಸವರಿದ ಸೌತೆಕಾಯಿ, ಒಮ್ಮೆ ನಿಂಬೆ ಹೋಳು, ಒಮ್ಮೆ ಬೆಲ್ಲ, ಒಮ್ಮೆ ಹಸಿಮೆಣಸಿನಕಾಯಿಯ ತುದಿ ಕಚ್ಚಿ. ನಿಂಬೆಯ ನಂತರ ವೈನ್ ಸಪ್ಪೆಯಾಗಬೇಕು, ಬೆಲ್ಲದ ನಂತರ ಹುಳಿಯಾಗಬೇಕು. ಹತ್ತು ನಿಮಿಷದಲ್ಲಿ ಮುಗಿಯುವ ಈ ಪ್ರಯೋಗವನ್ನು ಓದುಗರಿಂದ ಮಾಡಿಸುವ ಪುಸ್ತಕ ಕೊಳ್ಳಲು ಯೋಗ್ಯ.

ಮನೆಯಲ್ಲೇ ವೈನ್ ಮಾಡುವ ಕಿರುಹೊತ್ತಗೆಗಳು ಕೊಡಗಿನ ಕಡೆಯೂ ಕರಾವಳಿಯ ಕ್ರಿಸ್ಮಸ್ ಹೊತ್ತಿಗೂ ಕೈಯಿಂದ ಕೈಗೆ ಓಡಾಡುತ್ತವೆ. ಅವುಗಳಲ್ಲಿ ಮಾಮೂಲಿನ ಅಳತೆ: ಒಂದು ಕೆ.ಜಿ. ದ್ರಾಕ್ಷಿ, ಒಂದು ಕೆ.ಜಿ. ಸಕ್ಕರೆ, ಒಂದು ಲೀಟರ್ ನೀರು. ಪೆನ್ಸಿಲು ತೆಗೆದು ಲೆಕ್ಕ ಹಾಕಿ. ಒಂದು ಕೆ.ಜಿ. ದ್ರಾಕ್ಷಿಯಿಂದ ಸುಮಾರು 700 ಮಿಲಿಲೀಟರ್ ರಸ, ಅದರಲ್ಲಿ ಸಕ್ಕರೆ 120 ಗ್ರಾಂ ಹಿಡಿಯಿರಿ. ನೀರು ಒಂದು ಲೀಟರ್, ಕರಗಿದ ಸಕ್ಕರೆ ಆಕ್ರಮಿಸುವ ಜಾಗ ಸುಮಾರು 600 ಮಿಲಿಲೀಟರ್; ಒಟ್ಟು 2.3 ಲೀಟರಿನಲ್ಲಿ 1,120 ಗ್ರಾಂ ಸಕ್ಕರೆ, ಅಂದರೆ ಲೀಟರಿಗೆ ಹತ್ತಿರಹತ್ತಿರ 490 ಗ್ರಾಂ. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1 ಆಲ್ಕೊಹಾಲ್. ಈ ಲೆಕ್ಕಕ್ಕೆ ಶೇ. 28 ಬರಬೇಕು, ಆದರೆ ಈಸ್ಟ್ 14–16ರ ಸುಮಾರಿಗೆ ಕೈಚೆಲ್ಲುತ್ತದೆ. ಲೀಟರಿಗೆ 200 ಗ್ರಾಂಗಿಂತ ಹೆಚ್ಚು ಸಕ್ಕರೆ ಹಾಗೇ ಉಳಿದು, ಬರುವುದು ಶರಬತ್ತಿನಂಥ ಸಿಹಿ. ಇನ್ನೂ ಕೆಟ್ಟದ್ದೆಂದರೆ ಅಷ್ಟು ಸಕ್ಕರೆಯ ಒತ್ತಡಕ್ಕೆ ಈಸ್ಟ್ ಮೊದಲೇ ಸುಸ್ತಾಗಿ ಹುದುಗುವುದು ಅರ್ಧಕ್ಕೆ ನಿಲ್ಲಬಹುದು. ಶೇ. 12ರ ಒಣ ವೈನ್ (ಸಿಹಿ ಉಳಿಯದ್ದು) ಬೇಕಾದರೆ ಇದೇ ದ್ರಾಕ್ಷಿ ನೀರಿಗೆ 260–280 ಗ್ರಾಂ ಸಕ್ಕರೆ ಸಾಕು. ಸಿಹಿಯೇ ಬೇಕು ಎನ್ನುವವರ ಜೊತೆ ಜಗಳವಿಲ್ಲ. ಆದರೆ ಎಷ್ಟು ಹಾಕಿದರೆ ಏನಾಗುತ್ತದೆ ಎಂದು ಹೊತ್ತಗೆ ಹೇಳಬೇಕು. ಹಿಡಿ ಗೋಧಿ ಯಾಕೆ ಹಾಕುತ್ತಾರೆ (ಈಸ್ಟಿಗೆ ಆಹಾರ), ಮೊಟ್ಟೆಯ ಬಿಳಿ ಯಾಕೆ (ಟ್ಯಾನಿನ್ನನ್ನು ಹಿಡಿದು ತಳಕ್ಕಿಳಿಸಿ ತಿಳಿ ಮಾಡಲು), ಭರಣಿಯ ಮುಚ್ಚಳ ಬಿಗಿದರೆ ಯಾಕೆ ಸಿಡಿಯುತ್ತದೆ (ಅನಿಲ) ಎಂದೂ ಹೇಳಬೇಕು. ‘ಅಜ್ಜಿ ಹಾಕುತ್ತಿದ್ದರು’ ಎಂದು ಮಾತ್ರ ಬರೆದಿದ್ದರೆ ಅಜ್ಜಿಯನ್ನೇ ಕೇಳುವುದು ಮೇಲು.

ಕೊಳ್ಳುವ ಮುನ್ನ ಕೊನೆಯ ಪುಟಗಳ ಪದಸೂಚಿ ನೋಡಿ. ‘ಹುಣಸೆ’ ಎಂದು ಹುಡುಕಿದರೆ ಹುಣಸೆ ಇರುವ ಅಡುಗೆಗಳೆಲ್ಲ ಸಿಗಬೇಕು. ಅಡುಗೆಯ ಹೆಸರು ಗೊತ್ತಿದ್ದರೆ ಮಾತ್ರ ಸಿಗುವ ಪದಸೂಚಿಯಿಂದ ಫ್ರಿಜ್‌ನಲ್ಲಿ ಉಳಿದ ಅರ್ಧ ಕುಂಬಳಕಾಯಿಗೆ ದಾರಿ ಸಿಗುವುದಿಲ್ಲ. ಕನ್ನಡ ಅಡುಗೆ ಪುಸ್ತಕಗಳಲ್ಲಿ ಪದಸೂಚಿ ಇರುವುದೇ ಕಡಿಮೆ, ಇದು ಪ್ರಕಾಶಕರು ಕೇಳಿಸಿಕೊಳ್ಳಬೇಕಾದ ದೂರು. ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿ ಕೈ ತೆಗೆಯಿರಿ, ತಾನಾಗಿ ಮುಚ್ಚಿಕೊಂಡರೆ ಒಲೆಯ ಪಕ್ಕ ಅದಕ್ಕೊಂದು ಲಟ್ಟಣಿಗೆ ಹೇರಬೇಕಾಗುತ್ತದೆ. ಒಂದು ಅಡುಗೆ ಎದುರುಬದುರು ಪುಟಗಳಲ್ಲಿ ಮುಗಿದರೆ ಒಳ್ಳೆಯದು, ಹಿಟ್ಟಿನ ಕೈಯಲ್ಲಿ ಹಾಳೆ ಮಗುಚುವುದು ತಪ್ಪುತ್ತದೆ.

ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಹುಡುಕುವಾಗ ಮಾತ್ರ ಈ ಪರೀಕ್ಷೆಗಳಿಗಿಂತ ಸುಲಭದ ಒಂದು ದಾರಿ ಇದೆ. ಹಾಳೆಗಳನ್ನು ಬೇಗ ಬೇಗ ತಿರುವಿ, ಅರಿಶಿನದ ಕಲೆ ಬಿದ್ದ, ಎಣ್ಣೆ ಹೀರಿ ಪಾರದರ್ಶಕವಾದ ಪುಟ ಎಲ್ಲಿದೆ ನೋಡಿ. ಅಲ್ಲಿ ಯಾರೋ ನಿಜವಾಗಿ ಅಡುಗೆ ಮಾಡಿದ್ದಾರೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಉಪ್ಪು ಅರ್ಧ ಸಾಕು’, ‘ನೀರು ಇನ್ನೂ 1 ಲೋಟ’ ಎಂದು ಇದ್ದರೆ ಚೌಕಾಸಿ ಮಾಡದೆ ಕೊಂಡುಬಿಡಿ.